ರೇಡಿಯೇಟರ್ ನೀರು ಎಲ್ಲಿ ಹೋಗುತ್ತಿದೆ? ಬೇಸಿಗೆಗೆ ಮುಂಚೆ ಗಾಡಿಯ ಲೀಕ್ ಹಿಡಿಯುವ ಕ್ರಮ

ವಾರಕ್ಕೊಮ್ಮೆ ಅರ್ಧ ಬಾಟಲಿ ನೀರು ಹಾಕಿದರೆ ಗಾಡಿ ಓಡುತ್ತದೆ ಎಂದು ಸುಮ್ಮನಿರುವವರು ಕಲಬುರಗಿ ಕಡೆ ಬಹಳ ಮಂದಿ. ಡಿಸೆಂಬರಿನಲ್ಲಿ ಅದು ಹೇಗೋ ನಡೆದೀತು. ಏಪ್ರಿಲ್, ಮೇ ಬಂದು ಬಿಸಿಲು 42 ಡಿಗ್ರಿ ದಾಟಿದ ಮೇಲೆ, ಎಸಿ ಹಾಕಿಕೊಂಡು ಐದು ಜನ ಕೂತು ಹುಮನಾಬಾದ್ ಕಡೆ ಏರು ಹತ್ತುವಾಗ ಅದೇ ಗಾಡಿ ದಾರಿಯಲ್ಲಿ ಬಾನೆಟ್ ಎತ್ತಿ ನಿಲ್ಲುತ್ತದೆ. ಎಂಜಿನ್ ತಣಿಸುವ ವ್ಯವಸ್ಥೆ ಸುತ್ತಲೂ ಮುಚ್ಚಿದ್ದು. ಒಳಗೆ ಹಾಕಿದ್ದು ಒಳಗೇ ಇರಬೇಕು. ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ನೀರು ಹೊರಗೆ ಸೋರುತ್ತಿದೆ, ಇಲ್ಲವೇ ಎಂಜಿನ್ನಿನ ಒಳಗೇ ಸೇರುತ್ತಿದೆ. ನೀರು ತುಂಬುವುದನ್ನು ನಿಲ್ಲಿಸಿ, ಒತ್ತಡ ಕಟ್ಟಿ ನೋಡಿದರೆ ಎರಡರಲ್ಲಿ ಯಾವುದೆಂದು ಒಂದು ಬೆಳಗಿನೊಳಗೆ ತಿಳಿಯುತ್ತದೆ.

ನೆಲದ ಮೇಲೆ ಹನಿ ಬಿದ್ದಿಲ್ಲ ಎಂದ ಮಾತ್ರಕ್ಕೆ ಲೀಕ್ ಇಲ್ಲ ಎಂದುಕೊಳ್ಳಬೇಡಿ. ಬಿಸಿ ಎಂಜಿನ್ ಮೇಲೆ ಸೋರಿದ ಸಣ್ಣ ಹನಿ ನೆಲ ಮುಟ್ಟುವ ಮೊದಲೇ ಆರಿ ಹೋಗುತ್ತದೆ. ನಮ್ಮ ಬಿಸಿಲಿನಲ್ಲಂತೂ ಬಿದ್ದ ಹನಿಯೂ ಐದು ನಿಮಿಷ ಉಳಿಯದು. ಉಳಿಯುವುದು ಕಲೆ ಮಾತ್ರ. ಕೂಲೆಂಟ್ (ಎಂಜಿನ್ ತಣಿಸಲು ನೀರಿಗೆ ಬೆರೆಸುವ ಬಣ್ಣದ ದ್ರವ) ಇದ್ದರೆ ಹಸಿರು, ಕೆಂಪು ಅಥವಾ ಕಿತ್ತಳೆ ಬಣ್ಣದ ಹಕ್ಕಳೆ, ಬೋರ್‌ವೆಲ್ ನೀರು ಹಾಕಿದ್ದರೆ ಸುಣ್ಣ ಬಳಿದಂತೆ ಬಿಳಿ ಗೆರೆ. ಆದ್ದರಿಂದ ಎಂಜಿನ್ ತೊಳೆಸುವ ಮೊದಲೇ ಟಾರ್ಚ್ ಹಿಡಿದು ನೋಡಬೇಕು. ತೊಳೆದರೆ ಆ ಗುರುತೂ ಹೋಗುತ್ತದೆ.

ಇನ್ನೊಂದು ಗೊಂದಲವನ್ನೂ ಮೊದಲೇ ಬಿಡಿಸಿಕೊಳ್ಳಿ. ಎಸಿ ಹಾಕಿದ ಗಾಡಿಯ ಕೆಳಗೆ, ಸಾಮಾನ್ಯವಾಗಿ ಮುಂದಿನ ಎಡ ಸೀಟಿನ ನೇರಕ್ಕೆ, ನೀರು ತೊಟ್ಟಿಕ್ಕುವುದು ಸಹಜ. ಆ ನೀರಿಗೆ ಬಣ್ಣ ಇರುವುದಿಲ್ಲ, ವಾಸನೆ ಇರುವುದಿಲ್ಲ, ಬೆರಳ ನಡುವೆ ಉಜ್ಜಿದರೆ ಜಾರುವುದಿಲ್ಲ. ಕೂಲೆಂಟ್ ಆದರೆ ಜಾರುತ್ತದೆ, ಸಿಹಿ ವಾಸನೆ ಹೊಡೆಯುತ್ತದೆ. ನಾಲಿಗೆಗೆ ಮಾತ್ರ ಹಚ್ಚಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ.

ಒತ್ತಡದ ಲೆಕ್ಕ

ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 98.5 ಡಿಗ್ರಿಯ ಹತ್ತಿರ ಕುದಿಯುತ್ತದೆ. ಸುಮಾರು 700 ಮೀಟರ್ ಎತ್ತರದ ಬೀದರಿನಲ್ಲಿ 98ಕ್ಕೂ ಸ್ವಲ್ಪ ಕೆಳಗೆ. ಆದರೆ ಎಂಜಿನ್ ದಿನವೂ ದುಡಿಯುವುದೇ 90ರಿಂದ 100 ಡಿಗ್ರಿಯಲ್ಲಿ, ಎಷ್ಟೋ ಗಾಡಿಗಳಲ್ಲಿ ಫ್ಯಾನ್ ತಿರುಗುವುದೇ 95 ದಾಟಿದ ಮೇಲೆ. ಹಾಗಿದ್ದೂ ನೀರು ಕುದಿಯುವುದಿಲ್ಲ ಎಂದರೆ ಕಾರಣ ರೇಡಿಯೇಟರಿನ ಮುಚ್ಚಳ. ಕುಕ್ಕರಿನ ಸೀಟಿಯ ಹಾಗೆ ಅದು ಒತ್ತಡ ಹಿಡಿದಿಡುತ್ತದೆ. 0.9 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ಮುಚ್ಚಳ ಸರಿಯಿದ್ದರೆ ಸಾದಾ ನೀರು ಕೂಡ 118 ಡಿಗ್ರಿಯ ತನಕ ತಡೆಯುತ್ತದೆ. ಅರ್ಧ ಕೂಲೆಂಟ್, ಅರ್ಧ ನೀರು ಇದ್ದರೆ ಇನ್ನೂ ಮೇಲಕ್ಕೆ. ಎಲ್ಲೋ ಸೂಜಿಮೊನೆಯಷ್ಟು ತೂತಾಗಿ ಒತ್ತಡ ನಿಲ್ಲದಿದ್ದರೆ ಸೋರಿದ ನೀರು ನೂರು ಮಿಲಿಲೀಟರೇ ಇರಬಹುದು, ಆದರೆ ಉಳಿದ ಐದು ಲೀಟರ್ ಕುದಿಯಲು ಅಷ್ಟೇ ಸಾಕು. ರೇಡಿಯೇಟರಿಗೆ ಪೈಪಿನಿಂದ ಸೇರಿದ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಇದ್ದೂ ಗಾಡಿ ಹೀಟ್ ಆಗುವುದರ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಮುಚ್ಚಳದ ಮೇಲೆ ಅಂಕಿ ಇರುತ್ತದೆ: 0.9, 1.1, ಅಥವಾ 88, 108 ಎಂದು. ಮೊದಲ ಎರಡು ಬಾರ್ ಲೆಕ್ಕ, ಕೊನೆಯ ಎರಡು ಕಿಲೋಪಾಸ್ಕಲ್ ಲೆಕ್ಕ. ನೂರು ಕಿಲೋಪಾಸ್ಕಲ್ ಎಂದರೆ ಒಂದು ಬಾರ್, ಅಂದರೆ 14.5 ಪಿಎಸ್‌ಐ. ಯುರೋಪ್ ಮೂಲದ ಕೆಲವು ಕಾರುಗಳಲ್ಲಿ 1.4 ಅಥವಾ 1.5 ಇರುತ್ತದೆ. ಹಳೆಯ ಟ್ರಾಕ್ಟರುಗಳಲ್ಲಿ ಅರ್ಧ ಬಾರ್ ಇದ್ದರೂ ಆಶ್ಚರ್ಯವಿಲ್ಲ. ಪರೀಕ್ಷೆಗೆ ಈ ಅಂಕಿಯೇ ಮಿತಿ. ಅದನ್ನು ಮೀರಿ ಗಾಳಿ ತುಂಬಬಾರದು.

ಬೇಕಾದದ್ದು

ಕೂಲಿಂಗ್ ಸಿಸ್ಟಮ್ ಪ್ರೆಶರ್ ಟೆಸ್ಟರ್ ಎಂಬ ಕೈಪಂಪು ಬೇಕು. ಸೈಕಲ್ ಪಂಪಿನ ಚಿಕ್ಕ ತಮ್ಮನಂತೆ ಇರುತ್ತದೆ: ಮೇಲೆ ಮುಳ್ಳಿನ ಮೀಟರು, ಒಂದು ರಬ್ಬರ್ ಪೈಪು, ಬೇರೆ ಬೇರೆ ಗಾಡಿಯ ಬಾಯಿಗೆ ಕೂರುವ ಅಡಾಪ್ಟರುಗಳು. ನಿಮ್ಮ ಗಾಡಿಗೆ ಕೂರುವ ಅಡಾಪ್ಟರ್ ಇದೆಯೇ ಎಂದು ನೋಡಿಯೇ ತರಬೇಕು. ರೇಡಿಯೇಟರ್ ಮೇಲೆ ಮುಚ್ಚಳ ಇರುವ ಗಾಡಿಗೂ ಬಾಟಲಿಯ ಮೇಲೆ ತಿರುಪಿನ ಮುಚ್ಚಳ ಇರುವ ಗಾಡಿಗೂ ಒಂದೇ ಅಡಾಪ್ಟರ್ ಆಗದು. ಇದರ ಜೊತೆಗೆ ಟಾರ್ಚು, ಚಿಕ್ಕ ಕನ್ನಡಿ, ಒಣ ಬಟ್ಟೆ, ಟಿಶ್ಯೂ ಕಾಗದ, ಗಾಡಿಯ ಕೆಳಗೆ ಹಾಸಲು ರಟ್ಟು. ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದ್ದರೆ ರಟ್ಟೂ ಬೇಡ. ಒಣಗಿದ ಕಲ್ಲಿನ ಮೇಲೆ ಒಂದು ಹನಿ ಬಿದ್ದರೂ ಕಪ್ಪಗೆ ಎದ್ದು ಕಾಣುತ್ತದೆ.

ಟೆಸ್ಟರ್ ಇಲ್ಲ ಎಂದು ಪಂಕ್ಚರ್ ಅಂಗಡಿಯ ಹವಾ ಹಿಡಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಟ್ಯಾಂಕಿನಲ್ಲಿ ಇರುವುದು ಇದರ ಹಲವು ಪಟ್ಟು ಒತ್ತಡ. ಕಣ್ಣು ಮಿಟುಕಿಸುವುದರೊಳಗೆ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಸೀಳುತ್ತದೆ, ಡ್ಯಾಶ್‌ಬೋರ್ಡ್ ಒಳಗೆ ಇದೇ ನೀರಿನಿಂದ ಕಾಯುವ ಹೀಟರ್ ಒಡೆಯುತ್ತದೆ. ಒಂದು ಲೀಕ್ ಹುಡುಕಲು ಹೋಗಿ ಮೂರು ಮಾಡಿಕೊಂಡಂತೆ.

ತಣ್ಣಗಿರುವಾಗ ಮಾಡುವ ಪರೀಕ್ಷೆ

ಸಂಜೆ ಗಾಡಿ ನಿಲ್ಲಿಸಿ, ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಶುರು ಮಾಡಿ. ಬೇಸಿಗೆಯಲ್ಲಿ ನೆರಳಲ್ಲಿ ನಿಂತ ಎಂಜಿನ್ನೂ ತಣಿಯಲು ಹಲವು ತಾಸು ಬೇಕು. ಮೇಲಿನ ದಪ್ಪ ಪೈಪು ಹಿಡಿದು ಹಿಚುಕಿ ನೋಡಿ. ತಣ್ಣಗೆ, ಮೆತ್ತಗೆ ಇದ್ದರೆ ಮುಚ್ಚಳ ತೆಗೆಯಬಹುದು. ರಾತ್ರಿಯೆಲ್ಲ ನಿಂತ ಮೇಲೂ ಪೈಪು ಕಲ್ಲಿನಂತೆ ಬಿಗಿಯಾಗಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ, ಅದು ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲ್) ಕಡೆ ಬೆರಳು ತೋರಿಸುತ್ತಿದೆ. ಮುಚ್ಚಳದ ಮೇಲೆ ದಪ್ಪ ಬಟ್ಟೆ ಹಾಕಿ, ಮೊದಲ ಹಂತದ ತನಕ ತಿರುಗಿಸಿ ನಿಲ್ಲಿಸಿ, ಉಸಿರು ಹೋಗಲಿ, ಆಮೇಲೆ ಪೂರ್ತಿ ತೆಗೆಯಿರಿ. ಕೀಲಿ ತೆಗೆದಿರಲಿ. ಕೆಲವು ಗಾಡಿಗಳಲ್ಲಿ ಫ್ಯಾನ್ ತಾನಾಗಿಯೇ ತಿರುಗುತ್ತದೆ, ಅದರ ಹತ್ತಿರ ಕೈ ಹಾಕುವುದಿದ್ದರೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ.

ಮುಚ್ಚಳ ಕೈಯಲ್ಲಿದ್ದಾಗಲೇ ಅದನ್ನು ನೋಡಿಬಿಡಿ. ಕೆಳಗಿನ ರಬ್ಬರ್ ವಾಶರ್ ಗಟ್ಟಿಯಾಗಿದೆಯೇ, ಸೀಳಿದೆಯೇ, ಅಂಚಿನ ಗುರುತು ಆಳವಾಗಿ ಕೂತಿದೆಯೇ? ನಡುವಿನ ಚಿಕ್ಕ ತಟ್ಟೆಯನ್ನು ಉಗುರಿನಿಂದ ಎಳೆದರೆ ತೆರೆದು, ಬಿಟ್ಟರೆ ಚಟ್ಟನೆ ಮುಚ್ಚಬೇಕು. ಎಂಜಿನ್ ತಣಿಯುವಾಗ ಬಾಟಲಿಯಿಂದ ನೀರನ್ನು ಮರಳಿ ಎಳೆದುಕೊಳ್ಳುವುದು ಆ ತಟ್ಟೆಯೇ. ಅದು ಅಂಟಿಕೊಂಡರೆ ಬೆಳಿಗ್ಗೆ ಮೇಲಿನ ಪೈಪು ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗಿರುತ್ತದೆ. ಟೆಸ್ಟರಿನ ಜೊತೆ ಮುಚ್ಚಳಕ್ಕೂ ಒಂದು ಅಡಾಪ್ಟರ್ ಇರುತ್ತದೆ, ಮುಚ್ಚಳ ಸಿಕ್ಕಿಸಿ ಪಂಪು ಹೊಡೆಯಿರಿ. ಬರೆದ ಅಂಕಿಯ ಹತ್ತಿರ ಬಂದಾಗ ಗಾಳಿ ಬಿಡಬೇಕು, ಅಲ್ಲಿಯ ತನಕ ಹಿಡಿದಿರಬೇಕು. 0.9ರ ಮುಚ್ಚಳ 0.5ಕ್ಕೇ ಬಿಟ್ಟರೆ ಬದಲಿಸಿ. ಬದಲಿಸುವಾಗ ಅದೇ ಅಂಕಿಯದ್ದೇ ತನ್ನಿ. ಜಾಸ್ತಿ ಅಂಕಿಯದ್ದು ಹಾಕಿದರೆ ಹಳೆಯ ಪೈಪುಗಳು, ಟ್ಯಾಂಕಿನ ಜೋಡು ತಡೆಯುವುದಿಲ್ಲ.

ಈಗ ರೇಡಿಯೇಟರಿಗೆ ಬಾಯಿಯ ತನಕ ನೀರು ತುಂಬಿ. ಬಾಟಲಿಗೇ ಒತ್ತಡದ ಮುಚ್ಚಳ ಇರುವ ಗಾಡಿಯಲ್ಲಿ ಗರಿಷ್ಠ ಗೆರೆಯ ತನಕ ಸಾಕು. ಒಳಗೆ ಗಾಳಿಯ ಜಾಗ ಕಡಿಮೆ ಇದ್ದಷ್ಟೂ ಸಣ್ಣ ಲೀಕಿಗೂ ಮುಳ್ಳು ಬೇಗ ಅಲುಗುತ್ತದೆ. ಒಳಗೆ ಕೂತು ಹೀಟರಿನ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ. ನಮ್ಮ ಕಡೆ ಹೀಟರ್ ಹಾಕುವವರೇ ಇಲ್ಲ, ಆದರೆ ಹೀಟರ್ ದಾರಿಗೆ ವಾಲ್ವ್ ಇರುವ ಗಾಡಿಗಳಲ್ಲಿ ಅದು ಮುಚ್ಚಿಕೊಂಡಿದ್ದರೆ ಒತ್ತಡ ಆ ಭಾಗಕ್ಕೆ ಹೋಗುವುದೇ ಇಲ್ಲ, ಲೀಕ್ ಅಲ್ಲೇ ಇದ್ದರೂ ಪರೀಕ್ಷೆ ಪಾಸಾಗುತ್ತದೆ. ಇದನ್ನು ಮರೆಯುವವರು ಬಹಳ.

ಅಡಾಪ್ಟರಿನ ರಬ್ಬರಿಗೆ ಸ್ವಲ್ಪ ಕೂಲೆಂಟ್ ಸವರಿ ಕೂರಿಸಿ. ನಿಧಾನವಾಗಿ ಪಂಪು ಹೊಡೆದು ಮೊದಲು ಅರ್ಧ ಒತ್ತಡಕ್ಕೆ ನಿಲ್ಲಿಸಿ, ಅಡಾಪ್ಟರಿನ ಸುತ್ತಲೇ ಗುಳ್ಳೆ ಬರುತ್ತಿಲ್ಲ ತಾನೇ ನೋಡಿ, ಆಮೇಲೆ ಮುಚ್ಚಳದ ಅಂಕಿಗೆ ಏರಿಸಿ. ಮೊದಲ ನಿಮಿಷದಲ್ಲಿ ಪೈಪುಗಳು ಹಿಗ್ಗುವುದರಿಂದ ಮುಳ್ಳು ಕೂದಲೆಳೆಯಷ್ಟು ಇಳಿಯುತ್ತದೆ. ಒಂದು ಸಲ ಪಂಪು ಒತ್ತಿ ಸರಿ ಮಾಡಿ, ಗಡಿಯಾರ ನೋಡಿ 15 ನಿಮಿಷ ಬಿಡಿ. ಮುಳ್ಳು ಕದಲದಿದ್ದರೆ ತಣ್ಣಗಿನ ಪರೀಕ್ಷೆ ಮುಗಿಯಿತು. ಸರ್ರನೆ ಇಳಿದರೆ ಲೀಕ್ ದೊಡ್ಡದು, ಕಿವಿಗೆ ಸುಯ್ ಶಬ್ದವೂ ಕೇಳೀತು. ಹತ್ತು ನಿಮಿಷದಲ್ಲಿ 0.1 ಬಾರ್ ಇಳಿದರೂ ಎಲ್ಲೋ ಬಿಟ್ಟುಕೊಡುತ್ತಿದೆ ಎಂದೇ ತಿಳಿಯಿರಿ.

ಎಲ್ಲೆಲ್ಲಿ ನೋಡಬೇಕು

ನೀರು ಕೆಳಕ್ಕೆ ಹರಿಯುತ್ತದೆ, ಓಡುವಾಗ ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ಚಿಮುಕಿಸುತ್ತದೆ. ಆದ್ದರಿಂದ ಹನಿ ಬೀಳುವ ಜಾಗ ಲೀಕಿನ ಜಾಗವಲ್ಲ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದ್ದನ್ನು ಹಿಡಿಯಿರಿ, ಒರೆಸಿ, ಒಣ ಟಿಶ್ಯೂ ಒತ್ತಿ, ಮತ್ತೆ ಎಲ್ಲಿಂದ ಒದ್ದೆಯಾಗುತ್ತದೆ ನೋಡಿ.

ಈಗಿನ ಕಾರುಗಳಲ್ಲಿ ಮೊದಲ ಅನುಮಾನ ರೇಡಿಯೇಟರಿನ ಜೋಡಿನ ಮೇಲೆ. ನಡುವೆ ಅಲ್ಯೂಮಿನಿಯಂ, ಎರಡು ತುದಿಗೆ ಪ್ಲಾಸ್ಟಿಕ್ ಟ್ಯಾಂಕ್. ಎರಡರ ಸಂದಿಯಲ್ಲಿ ರಬ್ಬರ್ ಪಟ್ಟಿ ಇಟ್ಟು, ಅಲ್ಯೂಮಿನಿಯಂ ಹಲ್ಲುಗಳನ್ನು ಮಡಿಸಿ ಕಚ್ಚಿಸಿರುತ್ತಾರೆ. ಬಿಸಿಯಾಗಿ ತಣ್ಣಗಾಗಿ ರಬ್ಬರ್ ಗಟ್ಟಿಯಾಗುತ್ತದೆ. ಆಮೇಲೆ ಈ ಸಂದಿ ತಣ್ಣಗಿದ್ದಾಗ ಬೆವರುತ್ತದೆ, ಬಿಸಿಯಾದಾಗ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಮಿಸ್ತ್ರಿಯ ಹತ್ತಿರ ಓಡಿಸಿಕೊಂಡು ಹೋದಾಗ ಲೀಕೇ ಕಾಣದಿರುವುದಕ್ಕೆ ಇದೂ ಒಂದು ಕಾರಣ. ಈ ಸಂದಿಗೆ ಎಪಾಕ್ಸಿ ಮೆತ್ತಿದರೆ ಹೆಚ್ಚು ದಿನ ನಿಲ್ಲದು. ಟ್ಯಾಂಕು, ಪಟ್ಟಿ ಬದಲಿಸಬೇಕು, ಇಲ್ಲ ರೇಡಿಯೇಟರನ್ನೇ ಬದಲಿಸಬೇಕು. ಹಳೆಯ ಟ್ರಾಕ್ಟರು, ಜೀಪುಗಳ ತಾಮ್ರ-ಹಿತ್ತಾಳೆ ರೇಡಿಯೇಟರಿಗಾದರೆ ಬೆಸುಗೆ ಹಾಕಿಸಬಹುದು.

ಪೈಪುಗಳ ತುದಿ ನೋಡಿ. ಕ್ಲಿಪ್ಪು ಸಡಿಲವಾದರೆ ಸೋರುತ್ತದೆ, ವಿಪರೀತ ಬಿಗಿದರೂ ರಬ್ಬರ್ ಕತ್ತರಿಸಿ ಸೋರುತ್ತದೆ. ಪೈಪನ್ನು ಬಗ್ಗಿಸಿ ನೋಡಿದರೆ ಮಡಿಕೆಯಲ್ಲಿ ಬಿರುಕು ಕಾಣುತ್ತದೆ. ತುದಿ ಉಬ್ಬಿ ಸ್ಪಂಜಿನಂತಾಗಿದ್ದರೆ ಆ ಪೈಪಿನ ಆಯುಷ್ಯ ಮುಗಿದಿದೆ.

ವಾಟರ್ ಪಂಪಿನ ಕೆಳಭಾಗದಲ್ಲಿ ಬೆಂಕಿಕಡ್ಡಿ ಗಾತ್ರದ ಒಂದು ತೂತು ಇರುತ್ತದೆ. ಅದನ್ನು ತಯಾರಕರೇ ಬಿಟ್ಟಿರುತ್ತಾರೆ. ಒಳಗಿನ ಸೀಲ್ ಸವೆದಾಗ ನೀರು ಬೇರಿಂಗಿಗೆ ಹೋಗದೆ ಅಲ್ಲಿಂದ ಹೊರಬರಲಿ ಎಂದು. ಕನ್ನಡಿ ಕೆಳಗೆ ಹಿಡಿದು ಟಾರ್ಚ್ ಬಿಡಿ. ಸುತ್ತ ಒಣ ಹಕ್ಕಳೆ ತೆಳ್ಳಗಿದ್ದರೆ ಗಮನದಲ್ಲಿಡಿ, ಒತ್ತಡ ಕಟ್ಟಿದಾಗ ಹನಿ ಕಟ್ಟುತ್ತಿದ್ದರೆ ಪಂಪು ಬದಲಿಸಿ. ಆ ತೂತನ್ನು ಮುಚ್ಚಿ ಲೀಕ್ ನಿಲ್ಲಿಸಿದರೆ ನೀರು ಬೇರಿಂಗ್ ತಿನ್ನುತ್ತದೆ, ಪುಲ್ಲಿ ಜಾಮ್ ಆಗಿ ಬೆಲ್ಟ್ ಹರಿಯುತ್ತದೆ. ಟೈಮಿಂಗ್ ಬೆಲ್ಟಿನಿಂದ ತಿರುಗುವ ಪಂಪು ಇರುವ ಎಂಜಿನ್ನಿನಲ್ಲಿ ಅಷ್ಟಕ್ಕೇ ಹೆಡ್ ತೆರೆಯುವ ಕೆಲಸ ಬಂದೀತು.

ಥರ್ಮೋಸ್ಟ್ಯಾಟ್ (ಕಾವಿಗೆ ತಕ್ಕಂತೆ ನೀರಿನ ದಾರಿ ತೆರೆಯುವ ವಾಲ್ವ್) ಕೂರುವ ಗೂಡು ಈಗ ಬಹುತೇಕ ಪ್ಲಾಸ್ಟಿಕ್ಕಿನದ್ದು. ಅಚ್ಚಿನ ಗೆರೆಯುದ್ದಕ್ಕೂ ಕೂದಲು ಬಿರುಕು ಬಿಡುತ್ತದೆ. ಬಾಟಲಿಯ ತಳದ ಜೋಡಿನಲ್ಲೂ ಹಾಗೆಯೇ. ಡೀಸೆಲ್ ಗಾಡಿಗಳಲ್ಲಿ ಟರ್ಬೋಗೆ ಹೋಗುವ ಸಣ್ಣ ನೀರಿನ ಪೈಪುಗಳನ್ನು ಬಿಡಬೇಡಿ. ಎಂಜಿನ್ ಬ್ಲಾಕಿನ ಪಕ್ಕದಲ್ಲಿ ಬಟ್ಟಲಿನಂತೆ ಕೂತಿರುವ ಗುಂಡು ತಗಡುಗಳಿವೆ, ಕೋರ್ ಪ್ಲಗ್. ವರ್ಷಗಟ್ಟಲೆ ಸಾದಾ ನೀರಿನಲ್ಲಿ ಓಡಿದ ಎಂಜಿನ್ನಿನಲ್ಲಿ ಇವು ಒಳಗಿನಿಂದ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾಗುತ್ತವೆ, ಸೈಲೆನ್ಸರ್ ಹಿಂದೆ ಅಡಗಿದ್ದರಂತೂ ಕನ್ನಡಿ ಇಲ್ಲದೆ ಕಾಣುವುದಿಲ್ಲ.

ಹೊರಗೆ ಎಲ್ಲೂ ಒದ್ದೆ ಇಲ್ಲ, ಮುಳ್ಳು ಮಾತ್ರ ಇಳಿಯುತ್ತಿದೆ ಎಂದಾದರೆ ಮುಂದಿನ ಎಡ ಸೀಟಿನ ಮುಂದಿರುವ ಮ್ಯಾಟ್ ಎತ್ತಿ ಕಾರ್ಪೆಟ್ಟಿಗೆ ಕೈ ಒತ್ತಿ. ಅಂಟು ಅಂಟು ತೇವ, ಸಿಹಿ ವಾಸನೆ, ಮುಂದಿನ ಗಾಜಿನ ಒಳಮೈಗೆ ಎಣ್ಣೆಯಂಥ ಮಂಜು ಇದ್ದರೆ ಹೀಟರ್ ಸೋರುತ್ತಿದೆ. ಅದೂ ಇಲ್ಲದಿದ್ದರೆ ನೀರು ಎಂಜಿನ್ನಿನ ಒಳಗೆ ಹೋಗುತ್ತಿರಬಹುದು.

ಬಿಸಿಯಾದಾಗ ಮಾತ್ರ ಸೋರುವುದು

ತಣ್ಣಗೆ ಪಾಸಾಗಿ ದಾರಿಯಲ್ಲಿ ಮಾತ್ರ ಸೋರುವ ಗಾಡಿಗೆ ಟೆಸ್ಟರ್ ತೆಗೆದು ಅದರ ಮುಚ್ಚಳವನ್ನೇ ಹಾಕಿ, ಫ್ಯಾನ್ ಎರಡು ಸಲ ಬಂದು ನಿಲ್ಲುವ ತನಕ 2000 ಆರ್‌ಪಿಎಂನಲ್ಲಿ ಓಡಿಸಿ. ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ನೋಡಿ. ಆಫ್ ಮಾಡಿದ ಕೂಡಲೇ ನೀರಿನ ಹರಿವು ನಿಲ್ಲುತ್ತದೆ, ಹೆಡ್ಡಿನ ಕಾವೆಲ್ಲ ನಿಂತ ನೀರಿಗೆ ಇಳಿದು ಒತ್ತಡ ಅಲ್ಲಿಯೇ ಏರುತ್ತದೆ. ಅಡಗಿದ ಲೀಕ್ ಹೊರಬರುವುದು ಆಗಲೇ. ಮುಚ್ಚಳ ಮಾತ್ರ ಮುಟ್ಟಬೇಡಿ. ಇಷ್ಟಕ್ಕೂ ಸಿಗದಿದ್ದರೆ ಕೂಲೆಂಟಿಗೆ ಹಾಕುವ ಯುವಿ ಡೈ ಬರುತ್ತದೆ. ಆ ಡೈಯ ಡಬ್ಬಿಯ ಮೇಲೆ ಹೇಳಿದಷ್ಟು ಹಾಕಿ, ಮೂವತ್ತು ಕಿಲೋಮೀಟರ್ ಓಡಿಸಿ, ರಾತ್ರಿ ದೀಪ ಆರಿಸಿ ಯುವಿ ಟಾರ್ಚ್ ಹಿಡಿದರೆ ಸೋರಿದ ದಾರಿ ಹಳದಿ ಹಸಿರಾಗಿ ಹೊಳೆಯುತ್ತದೆ. ವಾರಕ್ಕೆ ಒಂದೆರಡು ಚಮಚ ಸೋರುವ ಲೀಕಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಹೆಡ್ ಗ್ಯಾಸ್ಕೆಟ್ ಅನುಮಾನ

ಎಂಜಿನ್ ತಣ್ಣಗಿರುವಾಗ ಟೆಸ್ಟರ್ ಕೂರಿಸಿ, ಗಾಳಿ ತುಂಬದೆ, ಸ್ಟಾರ್ಟ್ ಮಾಡಿ ಮೀಟರ್ ನೋಡುತ್ತಿರಿ. ಕಾವು ಏರಿದಂತೆ ನಿಧಾನವಾಗಿ ಮುಳ್ಳು ಏರುವುದು ಸಹಜ. ನೀರು ಇನ್ನೂ ತಣ್ಣಗಿರುವಾಗಲೇ, ಒಂದೆರಡು ನಿಮಿಷದಲ್ಲಿ ಮುಳ್ಳು ಚಿಮ್ಮಿ ಏರಿದರೆ, ಅಥವಾ ಎಂಜಿನ್ನಿನ ಬಡಿತಕ್ಕೆ ತಕ್ಕಂತೆ ನಡುಗಿದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಮುಚ್ಚಳದ ಅಂಕಿ ಮುಟ್ಟುವ ಮೊದಲೇ ಆಫ್ ಮಾಡಿ.

ಖಚಿತಕ್ಕೆ ನೀಲಿ ದ್ರವದ ಬ್ಲಾಕ್ ಟೆಸ್ಟರ್ ಇದೆ. ರೇಡಿಯೇಟರಿನ ನೀರನ್ನು ಐದು ಸೆಂಟಿಮೀಟರ್ ಕೆಳಕ್ಕೆ ಇಳಿಸಿ, ಇಲ್ಲದಿದ್ದರೆ ಕೂಲೆಂಟ್ ಮೇಲಕ್ಕೆ ಎಳೆದು ದ್ರವ ಕೆಡುತ್ತದೆ. ಎಂಜಿನ್ ಓಡುತ್ತಿರುವಾಗ ನೀರಿನ ಮೇಲಿನ ಗಾಳಿಯನ್ನು ಟೆಸ್ಟರಿನ ರಬ್ಬರ್ ಗುಂಡಿನಿಂದ ಒಂದೆರಡು ನಿಮಿಷ ಆ ದ್ರವದೊಳಗೆ ಎಳೆಯಿರಿ. ನೀಲಿ ಹಾಗೇ ಇದ್ದರೆ ಒಳ್ಳೆಯದು. ಪೆಟ್ರೋಲ್ ಗಾಡಿಯಲ್ಲಿ ಹಳದಿಯಾದರೆ, ಡೀಸೆಲ್‌ನಲ್ಲಿ ಹಸಿರು ಹಳದಿಯಾದರೆ ಹೊಗೆ ನೀರಿಗೆ ಸೇರಿದೆ.

ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲಿನ ಕೆನೆಯಂತೆ ಕಂಡ ಕೂಡಲೇ ಹೆಡ್ ಇಳಿಸಬೇಡಿ. ದಿನವೂ ಎರಡೇ ಕಿಲೋಮೀಟರ್ ಓಡುವ ಗಾಡಿಯಲ್ಲಿ ಬರಿಯ ಹಬೆಯಿಂದಲೂ ಅದು ಬರುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲ್ಲೇ ಹಾಲಿನಂತಾಗಿ ಮಟ್ಟ ಏರಿದ್ದರೆ ಮಾತ್ರ ನಿಜವಾದ ತೊಂದರೆ. ಬೀದರಿನ ಚಳಿಗಾಲದ ಬೆಳಗಿನ ಬಿಳಿ ಹೊಗೆಯೂ ಹಾಗೆಯೇ. ಎಂಜಿನ್ ಕಾದ ಮೇಲೂ ನಿಲ್ಲದೆ, ಸಿಹಿ ವಾಸನೆ ಬಂದರೆ ಅನುಮಾನಿಸಿ. ಡೀಸೆಲ್ ಗಾಡಿಗಳಲ್ಲಿ ಇಜಿಆರ್ ಕೂಲರ್ (ಎಂಜಿನ್ನಿಗೆ ಮರಳಿಸುವ ಹೊಗೆಯನ್ನು ನೀರಿನಿಂದ ತಣಿಸುವ ಭಾಗ) ಒಳಗೆ ಸೀಳಿದರೂ ಇದೇ ಲಕ್ಷಣ. ಹೆಡ್ ಕೆಲಸಕ್ಕೆ ಒಪ್ಪುವ ಮೊದಲು ಅದನ್ನು ಬಿಚ್ಚಿ ಬೇರೆಯಾಗಿ ಒತ್ತಡ ಕಟ್ಟಿ ನೋಡಲು ಹೇಳಿ. ರಾತ್ರಿಯಲ್ಲಿ ಸಿಲಿಂಡರಿಗೆ ನೀರು ಇಳಿದು, ಬೆಳಿಗ್ಗೆ ಸ್ಟಾರ್ಟರ್ ಟಕ್ ಎಂದು ನಿಂತರೆ ಮತ್ತೆ ಮತ್ತೆ ಕೀಲಿ ತಿರುಗಿಸಬೇಡಿ. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ.

ನೀರಿನ ವಿಷಯ

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತ ನೆಲದಡಿ ಸುಣ್ಣದಕಲ್ಲೇ. ಅಲ್ಲಿನ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ತೊಗರಿ ಬ್ಯಾಳಿ ಬೇಗ ಬೇಯುವುದಿಲ್ಲ ಎಂಬುದು ಮನೆಯ ಹೆಂಗಸರಿಗೆಲ್ಲ ಗೊತ್ತು. ಬ್ಯಾಳಿ ಬೇಯದ ನೀರನ್ನು ರೇಡಿಯೇಟರಿಗೆ ಹಾಕಬೇಡಿ. ಕಾದಷ್ಟೂ ಆ ಸುಣ್ಣ ನೀರಿನಿಂದ ಬೇರೆಯಾಗಿ, ಎಲ್ಲಕ್ಕಿಂತ ಬಿಸಿಯಾದ ಜಾಗದಲ್ಲಿ, ಅಂದರೆ ಸಿಲಿಂಡರ್ ಹೆಡ್ಡಿನ ಸುತ್ತಲೇ, ಹಕ್ಕಳೆ ಕಟ್ಟುತ್ತದೆ. ಆಮೇಲೆ ಆ್ಯಸಿಡ್ ಹಾಕಿ ತೊಳೆಸಿದರೆ ಹಕ್ಕಳೆಯ ಜೊತೆ ತೆಳುವಾದ ಲೋಹವೂ ಹೋಗಿ ಹೊಸ ತೂತು ತೆರೆಯುತ್ತದೆ.

ಲೀಕ್ ನಿಲ್ಲಲಿ ಎಂದು ಅರಿಸಿನ ಪುಡಿ ಹಾಕುವ ಅಭ್ಯಾಸವೂ ಇದೆ. ಜನವಸತಿ ಇಲ್ಲದ ದಾರಿಯಲ್ಲಿ ಸಿಕ್ಕಿಕೊಂಡಾಗ ಊರು ಮುಟ್ಟಲು ಅದು ನೆರವಾದೀತು. ಆದರೆ ಆ ಪುಡಿ ತೂತಿನ ಜೊತೆ ರೇಡಿಯೇಟರಿನ ಸಣ್ಣ ನಾಳಗಳನ್ನೂ ಮುಚ್ಚುತ್ತದೆ. ಊರು ಮುಟ್ಟಿದ ಮೇಲೆ ಪೂರ್ತಿ ಖಾಲಿ ಮಾಡಿ ತೊಳೆಸಲೇಬೇಕು. ದಾರಿಯಲ್ಲಿ ಕುದಿದು ನಿಂತ ಎಂಜಿನ್ನಿಗೆ ಕೂಡಲೇ ತಣ್ಣೀರು ಸುರಿಯಬೇಡಿ, ಹೆಡ್ ಸೀಳುತ್ತದೆ. ಮುಕ್ಕಾಲು ತಾಸಾದರೂ ಕಾಯಿರಿ. ತೊಗರಿ ರಾಶಿಯ ದಿನಗಳಲ್ಲಿ ಟ್ರಾಕ್ಟರ್ ಹೀಟ್ ಆದರೆ ಲೀಕ್ ಹುಡುಕುವ ಮೊದಲು ರೇಡಿಯೇಟರಿನ ಮುಂದಿನ ಜಾಳಿಗೆ ನೋಡಿ. ಹೊಟ್ಟು ತುಂಬಿಕೊಂಡು ಗಾಳಿಯೇ ಹೋಗುತ್ತಿರುವುದಿಲ್ಲ.

ಕೆಲಸ ಮುಗಿದ ಮೇಲೆ ಗಾಡಿಯ ಪುಸ್ತಕದಲ್ಲಿ ಹೇಳಿದ ಬಗೆಯ ಕೂಲೆಂಟನ್ನೇ ತನ್ನಿ. ಬಣ್ಣ ಒಂದೇ ಎಂದು ಬೇರೆ ಬಗೆಯದ್ದನ್ನು ಬೆರೆಸಬೇಡಿ. ಗಟ್ಟಿ ಕೂಲೆಂಟಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನೊಂದಿಗೆ ಸಮ ಪಾಲು ಬೆರೆಸಿ. ಬೆರೆಸಿಯೇ ಬರುವುದಾದರೆ ನೀರು ಬೇಡ. ಗಾಡಿಯ ಮೂತಿ ಸ್ವಲ್ಪ ಏರಿನಲ್ಲಿರಲಿ, ಹೀಟರ್ ಬಿಸಿಗೆ ತಿರುಗಿರಲಿ, ನಿಧಾನವಾಗಿ ತುಂಬುತ್ತಾ ಮೇಲಿನ ಪೈಪನ್ನು ಹಿಚುಕಿ ಗಾಳಿ ಹೊರಡಿಸಿ. ಗಾಳಿ ಬಿಡುವ ತಿರುಪು ಇದ್ದರೆ ಗುಳ್ಳೆ ನಿಂತು ನೀರು ಬರುವ ತನಕ ತೆರೆದಿಡಿ. ತೆಗೆದ ಹಳೆಯ ಕೂಲೆಂಟನ್ನು ಚರಂಡಿಗೆ, ಅಂಗಳಕ್ಕೆ ಚೆಲ್ಲಬೇಡಿ. ಸಿಹಿಯಾಗಿರುವುದರಿಂದ ನಾಯಿ, ದನ ನೆಕ್ಕಿ ಸಾಯುತ್ತವೆ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಹಳೆಯ ಆಯಿಲ್ ಒಯ್ಯುವ ಗ್ಯಾರೇಜಿಗೆ ಕೊಡಿ.

ಮತ್ತೆ ಟೆಸ್ಟರ್ ಕೂರಿಸಿ ಅದೇ ಅಂಕಿಗೆ, ಅದೇ 15 ನಿಮಿಷ. ಮುಳ್ಳು ನಿಂತರೆ ಬಾಟಲಿಯ ಮೇಲೆ ಮಾರ್ಕರ್ ಪೆನ್ನಿನಿಂದ ಮಟ್ಟದ ಗೆರೆ ಎಳೆದು, ಪಕ್ಕದಲ್ಲಿ ತಾರೀಕು, ಕಿಲೋಮೀಟರ್ ಬರೆಯಿರಿ. ಮೊದಲ ಒಂದೆರಡು ದಿನ ಉಳಿದ ಗಾಳಿ ಹೊರಟು ಮಟ್ಟ ಒಂದು ಬೆರಳಷ್ಟು ಇಳಿಯಬಹುದು, ತುಂಬಿ ಹೊಸ ಗೆರೆ ಎಳೆಯಿರಿ. ಆಮೇಲೆ ವಾರಕ್ಕೊಮ್ಮೆ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಗಾಡಿ ಅದೇ ಸಮತಟ್ಟು ಜಾಗದಲ್ಲಿ ನಿಂತಿರುವಾಗ ಆ ಗೆರೆಯನ್ನು ನೋಡಿ.